ಹಾವಾಡಿಗನ ಬುಟ್ಟಿಯಿಂದ ಬಿಡಿಸಿದ ಹಾವು: ರೋಗಲಕ್ಷಣಗಳೂ ಆರೈಕೆಯೂ

ಕನ್ನಡ ನಾಡಿನಲ್ಲಿ ನಾಗರಕಲ್ಲುಗಳಿಲ್ಲದ ಊರು ಅಪೂರ್ವ. ಅರಳಿಕಟ್ಟೆಯ ಮೇಲೂ ಕೆರೆಯ ಏರಿಯ ಬಳಿಯೂ ದೇವಾಲಯದ ಪ್ರಾಕಾರದಲ್ಲಿಯೂ ಕಾಣಬರುವ ಈ ಶಿಲೆಗಳು ನಮ್ಮ ಜನರ ಸರ್ಪಭಕ್ತಿಗೆ ಸಾಕ್ಷಿಯಾಗಿವೆ. ಸರ್ಪಭಯಕ್ಕೂ ಸಾಕ್ಷ್ಯವಿಲ್ಲದಿಲ್ಲ. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಆದರೆ ವಿಷವೈದ್ಯಕ್ಕೆ ರೋಗಿಯೆಂದರೆ ಹಾವು ಕಚ್ಚಿದ ಮನುಷ್ಯನೇ ಹೊರತು ಹಾವಲ್ಲ. ಭಕ್ತಿಗೂ ಭಯಕ್ಕೂ ಪಾತ್ರವಾದ ಈ ಪ್ರಾಣಿಯು ಮನುಷ್ಯನ ಕೈಗೆ ಸಿಕ್ಕಿ ರೋಗಗ್ರಸ್ತವಾದಾಗ ಅದನ್ನು ಗುರುತಿಸುವುದು ಹೇಗೆ, ಅದಕ್ಕೆ ಮಾಡತಕ್ಕ ಆರೈಕೆ ಯಾವುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ. ಇತಿಹಾಸವನ್ನು ಬೋಧಿಸುವ ನಾವು ಪಶುವೈದ್ಯರ ಕ್ಷೇತ್ರವನ್ನು ಪ್ರವೇಶಿಸುವುದಕ್ಕೆ ಕಾರಣವಿಷ್ಟೆ: ಇಂತಹ ಹಾವಿನ ಒಂದೊಂದು ಗಾಯವೂ ಮನುಷ್ಯನು ಅದನ್ನು ನಡೆಸಿಕೊಂಡ ರೀತಿಯನ್ನು ತಿಳಿಸುವ ದಾಖಲೆಯಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ನಾಗರಹಾವು, ಕೇರೆಹಾವು, ಹೆಬ್ಬಾವು ಮುಂತಾದವನ್ನು ಅನುಮತಿಯಿಲ್ಲದೆ ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಆದರೂ ನಾಗರಪಂಚಮಿಯ ಸುಮಾರಿಗೆ ಹಾವಾಡಿಗರ ಬುಟ್ಟಿಗಳು ಅಲ್ಲಲ್ಲಿ ಇಂದಿಗೂ ಕಂಡುಬರುತ್ತವೆ. ಕುತೂಹಲಕ್ಕಾಗಿ ಮನೆಯಲ್ಲಿ ಗುಟ್ಟಾಗಿ ಹಾವು ಸಾಕುವವರೂ ಉಂಟು. ಅರಣ್ಯ ಇಲಾಖೆಯವರು ಇವನ್ನು ವಶಪಡಿಸಿಕೊಂಡಾಗ ಬುಟ್ಟಿಯಿಂದ ಹೊರಬರುವ ನಾಗರಹಾವು ಎಷ್ಟೋ ವೇಳೆ ಬಹಳ ಸಾಧುವಾಗಿ ತೋರುತ್ತದೆ. ಅದು ಓಡಲು ಯತ್ನಿಸುವುದಿಲ್ಲ, ಬುಸುಗುಟ್ಟುವುದಿಲ್ಲ, ಮುಟ್ಟಿದರೂ ಸುಮ್ಮನಿರುತ್ತದೆ. ನೋಡುವವರು ಇದನ್ನು ಪಳಗಿದುದರ ಗುರುತೆಂದೋ ದೈವಾಂಶವೆಂದೋ ಬಗೆಯುತ್ತಾರೆ. ವಾಸ್ತವವಾಗಿ ಈ ಸಾಧುತನವನ್ನೇ ಪ್ರಥಮ ರೋಗಲಕ್ಷಣವೆಂದು ಎಣಿಸತಕ್ಕದ್ದು. ಆರೋಗ್ಯವಾಗಿರುವ ನಾಗರಹಾವು ಮನುಷ್ಯನನ್ನು ಕಂಡೊಡನೆ ಮರೆಯಾಗಲು ಹವಣಿಸುತ್ತದೆ, ಇಲ್ಲವೆ ಹೆಡೆಯೆತ್ತಿ ಎಚ್ಚರಿಸುತ್ತದೆ. ಇವೆರಡನ್ನೂ ಮಾಡದ ಹಾವಿಗೆ ಹಾಗೆ ಮಾಡುವ ಶಕ್ತಿಯೇ ಉಳಿದಿಲ್ಲವೆಂದು ಶಂಕಿಸುವುದು ಯುಕ್ತ.

ಈ ಅಶಕ್ತತೆಯ ಕಾರಣಗಳು ಸ್ಪಷ್ಟವಾಗಿವೆ. ಹಾವಾಡಿಗರಲ್ಲಿ ಹಲವರು ಹಾವಿನ ವಿಷದ ಹಲ್ಲುಗಳನ್ನು ಕೀಳುತ್ತಾರೆ. ಕೆಲವರು ಬಾಯಿಯನ್ನು ದಾರದಿಂದ ಹೊಲಿಯುವುದೂ ಉಂಟು. ಹಬ್ಬಕ್ಕೆ ಮುಂಚೆ ಅನೇಕ ದಿನ ಆಹಾರವನ್ನೂ ನೀರನ್ನೂ ಕೊಡದೆ ಇಡುವುದರಿಂದ ಹಬ್ಬದ ದಿನ ಬಾಯಾರಿದ ಹಾವು ಮುಂದಿಟ್ಟ ಹಾಲನ್ನು ಕುಡಿಯುತ್ತದೆ. ಇದನ್ನು ನೋಡಿ ಹಾವಿಗೆ ಹಾಲು ಪ್ರಿಯವೆಂದು ಜನರು ನಂಬಿದ್ದಾರೆ. ಹಾವಿನ ಶರೀರವು ಹಾಲನ್ನು ಜೀರ್ಣಿಸಿಕೊಳ್ಳಲಾರದು. ಅಲ್ಲದೆ ಅದರ ಶ್ವಾಸನಾಳದ ದ್ವಾರವು ಬಾಯಿಯ ಕೆಳಭಾಗದಲ್ಲಿಯೇ ತೆರೆದುಕೊಳ್ಳುವುದರಿಂದ ಬಲಾತ್ಕಾರವಾಗಿ ಹೊಯ್ದ ಹಾಲು ಶ್ವಾಸಕೋಶವನ್ನು ಸೇರಿ ಪ್ರಾಣಾಂತಿಕವಾಗಬಹುದು. ಹಾವಿಗೆ ಹಾಲೆರೆದರೆ ಎರೆದವನಿಗೇ ಕೇಡೆಂಬುದು ನಮ್ಮ ಜನರ ಮಾತು. ಆದರೆ ಕೇಡಾಗುವುದು ಹಾವಿಗೆ.

ಇನ್ನು ಪರೀಕ್ಷೆಯ ಕ್ರಮ. ಹಾವನ್ನು ಮುಟ್ಟದೆ, ದೂರದಿಂದ ನೋಡಿಯೇ ಬಹಳ ವಿಷಯಗಳನ್ನು ತಿಳಿಯಬಹುದು. ಮೊದಲನೆಯದಾಗಿ ಮೈಕಟ್ಟನ್ನು ಗಮನಿಸಬೇಕು. ಬೆನ್ನೆಲುಬು ಏಣಿನಂತೆ ಎದ್ದು ಕಂಡು ಪಕ್ಕಗಳು ಒಳಸೇರಿದ್ದರೆ ಅದು ದೀರ್ಘಕಾಲದ ಉಪವಾಸದ ಚಿಹ್ನೆ. ಚರ್ಮವು ಸುಕ್ಕುಗಟ್ಟಿ ಕಣ್ಣುಗಳು ಕುಳಿಬಿದ್ದಿದ್ದರೆ ದೇಹದಲ್ಲಿ ನೀರಿನ ಅಂಶ ಕುಂದಿದೆಯೆಂದು ತಿಳಿಯಬೇಕು. ಪೊರೆಯು ಒಂದೇ ಚೀಲದಂತೆ ಕಳಚದೆ ತುಂಡುತುಂಡಾಗಿ ಅಂಟಿಕೊಂಡಿರುವುದಕ್ಕೂ ಇದೇ ಕಾರಣವಿರಬಹುದು. ಹುರುಪೆಗಳ ಸಂದಿಯಲ್ಲಿಯೂ ಕಣ್ಣಿನ ಸುತ್ತಲೂ ಕಪ್ಪು ಚುಕ್ಕೆಗಳಂತೆ ಚಲಿಸುವ ಸಣ್ಣ ನುಸಿಗಳು ಹಾವಿನ ರಕ್ತವನ್ನು ಹೀರಿ ಅದನ್ನು ಕೃಶಗೊಳಿಸುತ್ತವೆ.

ಬಾಯಿಯ ಅಂಚು ಊದಿಕೊಂಡು, ತುಟಿಗಳು ಕೂಡದೆ, ಒಳಗೆ ಗಿಣ್ಣಿನಂತೆ ಗಟ್ಟಿಯಾದ ಕೀವು ಕಂಡರೆ ಬಾಯಿಹುಣ್ಣಿನ ರೋಗವುಂಟಾಗಿದೆ. ಹಲ್ಲು ಕಿತ್ತ ಹಾವುಗಳಲ್ಲಿ ಈ ಸೋಂಕು ದವಡೆಯ ಮೂಳೆಗೂ ವಿಷಗ್ರಂಥಿಗೂ ಹಬ್ಬುವ ಭಯವಿದೆ. ಹಾವು ಬಾಯಿ ತೆರೆದು ತಲೆಯೆತ್ತಿ ಉಸಿರಾಡುವುದು, ಉಸಿರಿನಲ್ಲಿ ಸಿಳ್ಳಿನಂತಹ ಶಬ್ದ, ಮೂಗಿನಲ್ಲಿ ಲೋಳೆಯ ಗುಳ್ಳೆ ಇವು ಶ್ವಾಸಕೋಶದ ರೋಗದ ಗುರುತುಗಳು. ನಮಗಿರುವಂತೆ ಎದೆಗೂ ಉದರಕ್ಕೂ ನಡುವೆ ವಪೆಯಿಲ್ಲದ ಹಾವು ಕಫವನ್ನು ಕೆಮ್ಮಿ ಹೊರಹಾಕಲಾರದಾದುದರಿಂದ ಈ ಲಕ್ಷಣಗಳನ್ನು ಉಪೇಕ್ಷಿಸುವಂತಿಲ್ಲ. ಅಂಗಾತ ಹೊರಳಿಸಿದ ಹಾವು ತಾನಾಗಿ ಮಗುಚಿಕೊಳ್ಳಲಾರದಿದ್ದರೆ ಸ್ಥಿತಿಯು ಅತ್ಯಂತ ವಿಷಮವಾಗಿದೆಯೆಂದು ಅರ್ಥ. ಆದರೆ ಈ ಪರೀಕ್ಷೆಯನ್ನು ಪರಿಣತರು ಮಾತ್ರ ಮಾಡತಕ್ಕದ್ದು.

ಸಹಜವಾದುದನ್ನು ರೋಗವೆಂದು ಭ್ರಮಿಸಬಾರದೆಂಬುದನ್ನೂ ಇಲ್ಲಿ ಹೇಳಬೇಕು. ಪೊರೆ ಬಿಡುವುದಕ್ಕೆ ಮುಂಚೆ ಕೆಲವು ದಿನ ಹಾವಿನ ಕಣ್ಣು ಹಾಲುಗಟ್ಟಿದಂತೆ ಮಸುಕಾಗುತ್ತದೆ. ಆಗ ಅದು ಆಹಾರವನ್ನು ಮುಟ್ಟದಿರುವುದೂ ಅಡಗಿರುವುದೂ ಸಹಜ. ಚಳಿಯಲ್ಲಿ ಹಾವಿನ ಚಲನೆ ಮಂದವಾಗುವುದೂ ಅದರ ಶರೀರಧರ್ಮ. ಬೆಚ್ಚಗಿನ ಸ್ಥಳದಲ್ಲಿಟ್ಟು ಕೆಲವು ಗಂಟೆ ಕಳೆದ ಮೇಲೂ ಜಡತ್ವ ಉಳಿದರೆ ಮಾತ್ರ ಅದು ರೋಗಸೂಚಕ.

ಆರೈಕೆಯಲ್ಲಿ ಮೊದಲನೆಯ ನಿಯಮವು ಆರೈಕೆ ಮಾಡುವವನ ರಕ್ಷಣೆ. ಹಲ್ಲು ಕಿತ್ತ ನಾಗರಹಾವು ನಿರುಪಾಯಕಾರಿಯೆಂಬುದು ಭ್ರಾಂತಿ. ವಿಷದ ಹಲ್ಲಿನ ಹಿಂದೆ ಬದಲಿ ಹಲ್ಲುಗಳು ಸದಾ ಬೆಳೆಯುತ್ತಿರುವುದರಿಂದ ಕೆಲವೇ ವಾರಗಳಲ್ಲಿ ಹೊಸ ಹಲ್ಲು ಆ ಸ್ಥಾನಕ್ಕೆ ಬರಬಹುದು. ಆದುದರಿಂದ ವಿದ್ಯಾರ್ಥಿಗಳು ಇಂತಹ ಹಾವನ್ನು ಕಂಡಾಗ ಅದನ್ನು ಹಿಡಿಯಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸುವುದೇ ಅವರ ಕರ್ತವ್ಯ. ಅಧಿಕೃತವಾದ ಚಿಕಿತ್ಸಾಕೇಂದ್ರದಲ್ಲಿ ನಡೆಯತಕ್ಕ ಕ್ರಮವು ಸ್ಥೂಲವಾಗಿ ಹೀಗಿದೆ: ಹಾವನ್ನು ಇತರ ಹಾವುಗಳಿಂದ ಬೇರ್ಪಡಿಸಿ, ಗಾಳಿಯಾಡುವ, ಕತ್ತಲಾದ, ನಿಶ್ಶಬ್ದವಾದ ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆಯ ಒಂದು ಭಾಗ ಸುಮಾರು 30 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗೂ ಮತ್ತೊಂದು ಭಾಗ ಅದಕ್ಕಿಂತ ತಂಪಾಗಿಯೂ ಇದ್ದರೆ ಹಾವು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುತ್ತದೆ. ಶಾಖವಿಲ್ಲದಿದ್ದರೆ ಆಹಾರವೂ ಜೀರ್ಣವಾಗದು, ಔಷಧವೂ ಸರಿಯಾಗಿ ಫಲಿಸದು.

ಆಹಾರಕ್ಕಿಂತ ಮುಂಚೆ ನೀರು. ಆಳವಿಲ್ಲದ ಪಾತ್ರೆಯಲ್ಲಿ ಶುದ್ಧ ಜಲವನ್ನಿಟ್ಟು ಹಾವು ತಾನಾಗಿ ಕುಡಿಯುವಂತೆ ಬಿಡಬೇಕು. ತೀರ ಬಳಲಿದ್ದರೆ ಪಶುವೈದ್ಯರು ಸೂಜಿಯ ಮೂಲಕ ದ್ರವವನ್ನು ಕೊಡುತ್ತಾರೆ. ಬಾಯಿಯ ಹೊಲಿಗೆಯನ್ನು ಬಿಚ್ಚುವುದು, ಕೀವನ್ನು ತೆಗೆಯುವುದು, ಔಷಧದ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ನಿರ್ಣಯಿಸುವುದು ಅವರ ಕೆಲಸ. ಬಹುದಿನ ಉಪವಾಸವಿದ್ದ ಪ್ರಾಣಿಗೆ ಒಮ್ಮೆಲೇ ದೊಡ್ಡ ಆಹಾರವನ್ನು ಕೊಡುವುದು ಅಪಾಯಕರ. ದೇಹದಲ್ಲಿ ನೀರು ತುಂಬಿದ ಮೇಲೆ ಚಿಕ್ಕ ಆಹಾರದಿಂದ ಆರಂಭಿಸಿ, ತಿಂದ ಮೇಲೆ ಎರಡು ದಿನವಾದರೂ ಅದನ್ನು ಮುಟ್ಟದಿರಬೇಕು. ಆಗಾಗ ಎತ್ತಿ ನೋಡುವುದು ಪ್ರೀತಿಯಿಂದಲೇ ಆದರೂ ಹಾವಿಗೆ ಹಿಂಸೆಯೇ.

ಹಾವನ್ನು ಬಿಡಿಸಿದ ದಿನವೇ ಪುಣ್ಯವೆಂದು ಬಗೆದು ಹತ್ತಿರದ ಹುತ್ತದ ಬಳಿ ಬಿಟ್ಟುಬಿಡುವವರಿದ್ದಾರೆ. ದವಡೆ ಕೊಳೆತ ಹಾವಿಗೆ ಈ ಬಿಡುಗಡೆಯು ನಿಧಾನವಾದ ಮರಣದಂಡನೆಯಲ್ಲದೆ ಬೇರಲ್ಲ. ಗಾಯ ಮಾಗಿ, ತಾನಾಗಿ ಬೇಟೆಯನ್ನು ಹಿಡಿದು ನುಂಗಿ, ಪೊರೆಯನ್ನು ಸರಿಯಾಗಿ ಕಳಚಿದ ಹಾವನ್ನು ಮಾತ್ರ ಅದಕ್ಕೆ ಒಗ್ಗಿದ ನೆಲೆಯಲ್ಲಿ ಬಿಡುವುದು ಉಚಿತ.

ಹಾವಾಡಿಗರನ್ನು ಮಾತ್ರ ದೂಷಿಸಿದರೆ ವಿವೇಚನೆ ಪೂರ್ಣವಾಗದು. ಬುಟ್ಟಿಯ ಮುಂದೆ ಕಾಸು ಹಾಕಿದವರೂ ಹಾಲೆರೆದವರೂ ನಾವೇ. ಅವರ ಕೌಶಲವು ಬೇರೆ ರೀತಿಯಲ್ಲಿ ಸಾರ್ಥಕವಾಗಬಲ್ಲದೆಂಬುದಕ್ಕೆ ತಮಿಳುನಾಡಿನ ಇರುಳರು ನಿದರ್ಶನ. ಹಾವಿನ ಚರ್ಮದ ವ್ಯಾಪಾರ ನಿಷೇಧವಾಗಿ ಜೀವನೋಪಾಯವನ್ನು ಕಳೆದುಕೊಂಡ ಅವರು 1978ರಲ್ಲಿ ಸಹಕಾರ ಸಂಘವೊಂದನ್ನು ಸ್ಥಾಪಿಸಿಕೊಂಡು, ಪರವಾನಗಿ ಪಡೆದು ಹಾವುಗಳನ್ನು ಹಿಡಿದು, ಪ್ರತಿವಿಷದ ತಯಾರಿಕೆಗಾಗಿ ವಿಷವನ್ನು ಸಂಗ್ರಹಿಸಿ, ಕೆಲವು ವಾರಗಳಲ್ಲಿ ಅವನ್ನು ಮರಳಿ ಬಿಡುತ್ತ ಬಂದಿದ್ದಾರೆ.

ಗುಣಮುಖವಾದ ನಾಗರಹಾವು ತನ್ನನ್ನು ಉಪಚರಿಸಿದವನಿಗೆ ಕೃತಜ್ಞತೆಯನ್ನು ತೋರದು. ಅವನನ್ನು ಕಂಡು ಹೆಡೆಯೆತ್ತಿ ಬುಸುಗುಟ್ಟುತ್ತದೆ. ಅದು ಚೇತರಿಸಿಕೊಂಡಿತೆಂದು ನಾವು ಆಗ ನಿಶ್ಚಿಂತರಾಗಬಹುದು.