ಪಾದರಸದ ಬೆಟ್ಟದ ಕೆಳಗಿನ ಕೆರೆ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ನೀವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿದ್ದೀರಿ ಎಂದುಕೊಳ್ಳಿ. ವಾರವಿಡೀ ಮನೆಯೊಳಗೇ ಕೂತು ಬೇಸತ್ತಿದ್ದೀರಿ. ರಜೆಯ ದಿನ ಅಳಿಯ ಕಾರು ತೆಗೆದು, "ಬನ್ನಿ ಉಮ್ಮಾ, ಪಾರ್ಕಿಗೆ ಹೋಗೋಣ" ಎನ್ನುತ್ತಾನೆ. ಕದ್ರಿ ಪಾರ್ಕಿನಂಥದ್ದೇನೋ ಇರಬೇಕೆಂದು ಚಪ್ಪಲಿ ಮೆಟ್ಟಿ ಹೊರಟರೆ ಅಲ್ಲಿರುವುದು ಬೆಟ್ಟ, ಕಾಡು, ಕೆರೆ ಮತ್ತು ಮೈಲುಗಟ್ಟಲೆ ಕಾಲುದಾರಿ!

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಸ್ಯಾನ್ ಹೋಸೆ ಇರುವ ಸಾಂತಾ ಕ್ಲಾರಾ ಕೌಂಟಿಯ ಆಡಳಿತವು ಸುಮಾರು 50 ಸಾವಿರ ಎಕರೆಯಷ್ಟು ಜಾಗವನ್ನು ಜನರ ತಿರುಗಾಟಕ್ಕೆಂದೇ ಉಳಿಸಿಕೊಂಡಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರಿಗೆ ಇಂತಹ ದಾರಿಯಲ್ಲಿ ದಿನವೂ ಅರ್ಧ ಗಂಟೆ ನಡೆಯುವುದು ದೊಡ್ಡ ಉಪಕಾರ. ಖಂಡಿತ ಹೋಗಿ. ಆದರೆ ಕೆಲವು ಸಂಗತಿ ತಿಳಿದುಕೊಂಡು ಹೋಗಿ.

ಮೊದಲನೆಯದು ಮೀನು. ಅಲ್ಮಾಡೆನ್ ಕ್ವಿಕ್‌ಸಿಲ್ವರ್ ಎಂಬ ಪಾರ್ಕ್ ಅಲ್ಲಿದೆ. ಹೆಸರು ಕೇಳಿದೊಡನೆ ಅರಬಿ ಬಲ್ಲವರ ಕಿವಿ ನೆಟ್ಟಗಾಗಬೇಕು. ಅಲ್ ಮಅ್‌ದಿನ್, ಅಂದರೆ ಗಣಿ. ಸ್ಪೇನಿನಲ್ಲಿ ಅರಬರ ಕಾಲದಿಂದ ಉಳಿದ ಊರಿನ ಹೆಸರು ಕಡಲು ದಾಟಿ ಅಲ್ಲಿಗೆ ಬಂದಿದೆ. ಅಲ್ಲಿನ ಬೆಟ್ಟದ ಕೆಂಪು ಅದಿರಿನಲ್ಲಿ ಪಾದರಸವಿದೆ ಎಂದು 1845ರಲ್ಲಿ ಗೊತ್ತಾಯಿತು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಅದನ್ನು ಅಗೆದರು, ಸುಟ್ಟು ಪಾದರಸ ತೆಗೆದರು. ಮಣ್ಣಿನಿಂದ ಚಿನ್ನವನ್ನು ಬೇರ್ಪಡಿಸಲು ಪಾದರಸ ಬೇಕಿತ್ತು. 1970ರ ದಶಕದಲ್ಲಿ ಕೌಂಟಿ ಆ ಜಾಗವನ್ನು ಕೊಂಡು ಪಾರ್ಕ್ ಮಾಡಿತು. ಗಣಿ ನಿಂತರೂ ಗಣಿಯ ಕಸ ಮಳೆನೀರಿನೊಂದಿಗೆ ತೊರೆಗೆ, ಕೆರೆಗೆ ಇಳಿದದ್ದು ಇಳಿದೇ ಇದೆ.

ಕೆರೆಯ ತಳದ ಕೆಸರಿನಲ್ಲಿ ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಾಣುಗಳು ಈ ಪಾದರಸವನ್ನು ಮೀಥೈಲ್ ಮರ್ಕ್ಯುರಿಯಾಗಿ ಮಾರ್ಪಡಿಸುತ್ತವೆ. ಅದು ಹುಳಕ್ಕೆ, ಹುಳ ತಿಂದ ಸಣ್ಣ ಮೀನಿಗೆ, ಸಣ್ಣದನ್ನು ನುಂಗಿದ ದೊಡ್ಡ ಮೀನಿಗೆ ಸೇರುತ್ತ ಮಟ್ಟಮಟ್ಟಕ್ಕೂ ಹೆಚ್ಚುತ್ತದೆ. ಆದ್ದರಿಂದ ಅಲ್ಮಾಡೆನ್, ಗ್ವಾಡಲೂಪೆ, ಕಲೇರೊ ಕೆರೆಗಳಲ್ಲಿ ಹಿಡಿದ ಮೀನನ್ನು ಯಾರೂ ತಿನ್ನಬಾರದೆಂದು ಸರಕಾರವೇ ಹೇಳಿದೆ. ಗಾಳ ಹಾಕಬಹುದು, ಸಿಕ್ಕಿದ್ದನ್ನು ನೀರಿಗೇ ಬಿಡಬೇಕು. ಮೀನಿಲ್ಲದೆ ಅನ್ನ ಇಳಿಯದ ಕರಾವಳಿಯ ನಮಗೆ ಇದು ಕಷ್ಟವೇ. "ಚೆನ್ನಾಗಿ ತೊಳೆದು, ಹುಳಿ ಹಾಕಿ ಕುದಿಸಿದರೆ ಹೋಗುತ್ತದೆ" ಎಂದುಕೊಳ್ಳಬೇಡಿ. ಹೋಗುವುದಿಲ್ಲ. ವಿಷವಿರುವುದು ಮಾಂಸದೊಳಗೆ. ಬಾಣಂತಿಗೆ, ಬಸುರಿಗೆ ತಾಜಾ ಮೀನು ಒಳ್ಳೆಯದೆಂದು ಆ ಕೆರೆಯ ಮೀನಿನ ಸಾರು ಮಾಡಿದಿರೋ, ಪೆಟ್ಟು ಬೀಳುವುದು ಮಗುವಿನ ಬೆಳೆಯುವ ಮಿದುಳಿಗೆ. ಊರಿನಲ್ಲೂ ಬಸುರಿಯರು ಶಾರ್ಕಿನಂಥ ದೊಡ್ಡ ಬೇಟೆ ಮೀನನ್ನು ಬಿಟ್ಟು ಬೂತಾಯಿಯಂಥ ಸಣ್ಣ ಮೀನು ತಿನ್ನುವುದು ಇದೇ ಕಾರಣಕ್ಕೆ ಲೇಸು.

ಎರಡನೆಯದು ಪಾಯ್ಸನ್ ಓಕ್ ಎಂಬ ಗಿಡ. ಒಂದು ತೊಟ್ಟಿಗೆ ಮೂರು ಎಲೆ. ಅದು ನಮ್ಮ ಗೇರು, ಮಾವಿನ ಕುಟುಂಬಕ್ಕೇ ಸೇರಿದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಚಳಿಗಾಲದಲ್ಲಿ ಎಲೆ ಉದುರಿದ ಬರಿಯ ಕಡ್ಡಿಯೂ ಚರ್ಮದಲ್ಲಿ ಬೊಕ್ಕೆ ಎಬ್ಬಿಸುತ್ತದೆ. ತಾಗಿತೆಂದು ಅನಿಸಿದರೆ ತಡಮಾಡದೆ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ ಬೇರೆಯಾಗಿಯೇ ಒಗೆಯಿರಿ.

ಪಿಕ್‌ನಿಕ್ಕಿನ ನಡುವೆ ನಮಾಝಿನ ವೇಳೆಯಾದರೆ ವುಝೂಗೆ ಮನೆಯಿಂದ ತಂದ ಬಾಟಲಿ ನೀರೇ ಇರಲಿ. ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ರೋಗಾಣು ಇರಬಹುದು, ಬಾಯಿ ಮುಕ್ಕಳಿಸಲು ಅದು ಬೇಡ.

ಇನ್ನು ಉಣುಗು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದರ ಭಯ ಗೊತ್ತು. ಅಲ್ಲಿನ ಉಣುಗು ಹರಡುವುದು ಬೇರೆ ರೋಗ, ಲೈಮ್ ಎಂದು ಹೆಸರು. ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ, ಕಣ್ಣಿಗೆ ಬೀಳುವುದೇ ಕಷ್ಟ. ಉದ್ದ ಹುಲ್ಲಿಗೆ ಇಳಿಯದೆ ದಾರಿಯ ನಡುವೆಯೇ ನಡೆಯಿರಿ. ಮನೆಗೆ ಬಂದೊಡನೆ ಮಕ್ಕಳ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ತಲೆಗೂದಲು ನೋಡಿ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ, ಆ ಜಾಗವನ್ನು ಸೋಪಿನಿಂದ ತೊಳೆಯಿರಿ. ಮುಂದಿನ ಒಂದು ತಿಂಗಳೊಳಗೆ ಜ್ವರ ಬಂದರೆ ಅಥವಾ ಕಚ್ಚಿದಲ್ಲಿ ಕೆಂಪು ಹರಡಿದರೆ ವೈದ್ಯರಿಗೆ ಉಣುಗಿನ ಮಾತನ್ನು ತಪ್ಪದೆ ಹೇಳಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೂ ಹೇಳಿ, ಇಲ್ಲಿನ ವೈದ್ಯರಿಗೆ ತಾವಾಗಿಯೇ ಅದು ಹೊಳೆಯಲಿಕ್ಕಿಲ್ಲ.