ವಡಾಲದ ಕೂಡುದಾರಿ: ಮುಂಬಯಿಯ ಉದ್ಯಮಪತಿಗಳೂ ಕನ್ನಡನಾಡೂ

ಮುಂಬಯಿಯ ಕೈಗಾರಿಕೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕೆಲವು ಮಹಾಧನಿಕರ ಜೀವನಚರಿತ್ರೆಯಾಗಿಯೇ ಬರೆಯುವುದು ವಾಡಿಕೆ. ದಾವರ್, ವಾಡಿಯಾ, ಟಾಟಾ, ವಾಲಚಂದ್ ಮೊದಲಾದವರ ಸಾಹಸವೂ ದೂರದೃಷ್ಟಿಯೂ ಅಲ್ಲಗಳೆಯತಕ್ಕವಲ್ಲ. ಆದರೆ ಬಂಡವಾಳವೊಂದರಿಂದಲೇ ಕೈಗಾರಿಕೆ ಹುಟ್ಟಲಾರದು. ಕಚ್ಚಾ ಸಾಮಗ್ರಿ, ನೆಲ, ಚಾಲಕಶಕ್ತಿ, ಆಳುವವರ ಒಪ್ಪಿಗೆ, ದುಡಿಯುವ ಕೈ, ಇವೆಲ್ಲ ಒಂದೆಡೆ ಕೂಡಿಬಂದಾಗಲೇ ಉದ್ಯಮಪತಿಯ ಸಂಕಲ್ಪ ಕೈಗೂಡುತ್ತದೆ. ಈ ಕೂಡಿಕೆಯಲ್ಲಿ ಕನ್ನಡನಾಡಿನ ಪಾಲೇನೆಂಬುದನ್ನು ಪರಿಶೀಲಿಸಲು ವಡಾಲ ತಕ್ಕ ಸ್ಥಳವಾಗಿದೆ.

ವಡಾಲ ಕುಬೇರರ ಬಂಗಲೆಗಳಿಗಾಗಿ ಹೆಸರಾದ ಊರಲ್ಲ. ಉಪ್ಪಿನಾಗರಗಳ ಅಂಚಿನಲ್ಲಿದ್ದ ಈ ಊರಿಗೆ ಮಹತ್ತ್ವ ತಂದುಕೊಟ್ಟದ್ದು ರೈಲುಹಾದಿ. 1910ರಲ್ಲಿ ಕುರ್ಲಾದಿಂದ ರೇ ರೋಡಿಗೆ ಹಾರ್ಬರ್ ಮಾರ್ಗ ಈ ಊರಿನ ಮೂಲಕ ಹಾದುಹೋಯಿತು. 1915ರ ಜನವರಿ 1ರಂದು ಬಲ್ಲಾರ್ಡ್ ಪಿಯರಿನಿಂದ ವಡಾಲದವರೆಗೆ ಪೋರ್ಟ್ ಟ್ರಸ್ಟಿನ ಸ್ವಂತ ರೈಲುಹಾದಿ ತೆರೆಯಿತು. ಹಡಗುಕಟ್ಟೆಯ ಸರಕು ದೇಶದ ದೊಡ್ಡ ರೈಲ್ವೆಗಳಿಗೆ ಕೈಬದಲಾಗುತ್ತಿದ್ದುದು ವಡಾಲದ ಯಾರ್ಡಿನಲ್ಲಿ. 1925ರ ಫೆಬ್ರವರಿ 3ರಂದು ಭಾರತದ ಮೊದಲ ವಿದ್ಯುತ್ ರೈಲು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿದ್ದೂ ಈ ಊರಿನ ಮೇಲಿನಿಂದಲೇ.

ಈ ಹಾದಿಗಳ ಮೂಲ ಹತ್ತಿಯಲ್ಲಿದೆ. 1840ರ ದಶಕದಲ್ಲಿಯೇ ಧಾರವಾಡದ ಕರಿಮಣ್ಣಿನಲ್ಲಿ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸುವ ಪ್ರಯೋಗ ನಡೆದಿತ್ತು. ಘಟ್ಟವಿಳಿದು ಕುಮಟೆಯ ಬಂದರಿನಿಂದ ಹೊರಡುತ್ತಿದ್ದ ಹತ್ತಿಗೆ ಮುಂಬಯಿಯ ಪೇಟೆಯಲ್ಲಿ ಆ ಬಂದರಿನ ಹೆಸರೇ ನಿಂತಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಬಾರದೆ ಹೋದಾಗ ಇಂಗ್ಲೆಂಡಿನ ಗಿರಣಿಗಳು ಮುಂಬಯಿಯತ್ತ ತಿರುಗಿದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಗೆ ಕಾರವಾರದ ಬಂದರನ್ನು ಅನುಕೂಲಗೊಳಿಸುವ ಉದ್ದೇಶವಿತ್ತು. ಹೀಗೆ ಕನ್ನಡನಾಡಿನ ಆಡಳಿತದ ಗಡಿಯೊಂದು ಹತ್ತಿಯ ವ್ಯಾಪಾರಕ್ಕಾಗಿ ಸರಿಯಿತು.

ಈ ಹತ್ತಿಯ ಹೊನ್ನು ಮುಂಬಯಿಗೆ ಹುಚ್ಚು ಹಿಡಿಸಿತು. ಪ್ರೇಮಚಂದ್ ರಾಯಚಂದನ ನಾಯಕತ್ವದಲ್ಲಿ ಬ್ಯಾಂಕುಗಳೂ ಸಮುದ್ರ ತುಂಬುವ ಕಂಪನಿಗಳೂ ಅಣಬೆಗಳಂತೆ ಎದ್ದವು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆಯಿಳಿದು ಬಹುತೇಕ ಎಲ್ಲವೂ ಕುಸಿದವು. ಇದರಿಂದ ಒಂದು ಪಾಠವೂ ದೊರೆಯಿತು. ಬಂದರಿನ ದಂಡೆಯ ನೆಲ ಖಾಸಗಿ ಕಂಪನಿಯೊಂದರ ಕೈಯಲ್ಲಿದ್ದರೆ ಇಡೀ ವ್ಯಾಪಾರ ಅದರ ಹಿಡಿತಕ್ಕೆ ಸಿಗುವುದೆಂಬುದನ್ನು ಕಂಡ ಸರ್ಕಾರ 1870ರಲ್ಲಿ ಎಲ್ಫಿನ್‌ಸ್ಟನ್ ಕಂಪನಿಯ ಆಸ್ತಿಯನ್ನು ಕೊಂಡಿತು. 1873ರಲ್ಲಿ ಪೋರ್ಟ್ ಟ್ರಸ್ಟ್ ಸ್ಥಾಪಿತವಾಯಿತು. ಕೊಲಾಬದಿಂದ ವಡಾಲದವರೆಗಿನ ದಂಡೆಯ ವಿಸ್ತಾರವಾದ ನೆಲ ಸಾರ್ವಜನಿಕ ಸಂಸ್ಥೆಯ ವಶಕ್ಕೆ ಬಂದ ಬಗೆ ಇದು. ಮುಂದೆ ಶಿವಡಿಯಲ್ಲಿ ಹತ್ತಿಯ ಗೋದಾಮುಗಳೆದ್ದು, ಕೊಲಾಬದ ಹತ್ತಿಪೇಟೆ 1920ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿತು.

ಹತ್ತಿಯನ್ನು ಕಳುಹಿಸುವುದರ ಬದಲು ಇಲ್ಲಿಯೇ ನೂಲು ತೆಗೆಯುವ ಯೋಚನೆಯನ್ನು 1854ರಲ್ಲಿ ಕಾರ್ಯಕ್ಕೆ ತಂದವನು ಕಾವಸಜಿ ನಾನಾಭಾಯಿ ದಾವರ್. 1879ರಲ್ಲಿ ನೌರೋಜಿ ವಾಡಿಯಾ ನೂಲಿಗೆ ಬಣ್ಣ ಹಾಕುವ ಸಣ್ಣ ಉದ್ಯೋಗವಾಗಿ ಬಾಂಬೆ ಡೈಯಿಂಗನ್ನು ಆರಂಭಿಸಿದನು. ಅದೇ ಕಂಪನಿಯ ಸ್ಪ್ರಿಂಗ್ ಮಿಲ್ ನಾಯಗಾಂವ್-ವಡಾಲಗಳ ಮಗ್ಗುಲಲ್ಲಿ ಬೆಳೆದು ಸಾವಿರಾರು ಸಂಸಾರಗಳಿಗೆ ಅನ್ನದ ದಾರಿಯಾಯಿತು.

ಗಿರಣಿಗಳನ್ನು ಕಲ್ಲಿದ್ದಲಿನ ಅವಲಂಬನೆಯಿಂದ ಬಿಡಿಸುವ ಕನಸು ಜಮಶೇಟ್‌ಜಿ ಟಾಟಾ ಅವರದು. ಅವರು ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ, 1915ರಲ್ಲಿ, ಖೋಪೋಲಿಯ ಜಲವಿದ್ಯುತ್ತು ಮುಂಬಯಿಗೆ ಬಂದಿತು. ಇದಕ್ಕೆ ತೆತ್ತ ಬೆಲೆ ಗಿರಣಿಯ ಲೆಕ್ಕದಲ್ಲಿ ಕಾಣುವುದಿಲ್ಲ. ಮುಂದಿನ ಅಣೆಕಟ್ಟಿಗಾಗಿ ಮುಳಶಿಯ ರೈತರ ಹೊಲಮನೆಗಳು ಮುಳುಗುವಂತಾದಾಗ 1921ರಿಂದ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ನಡೆಯಿತು. ಆದರೂ ಅಣೆಕಟ್ಟು ಎದ್ದಿತು.

ಮೈಸೂರು ಸಂಸ್ಥಾನ ಈ ಹೊತ್ತಿಗೆ ಬೇರೊಂದು ಹಾದಿಯನ್ನು ಹಿಡಿದಿತ್ತು. ಟಾಟಾ ಅವರ ವಿದ್ಯುತ್ತಿಗಿಂತ ಹದಿಮೂರು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಮೊದಲು ಮಾಡಿತು. ಮುಂಬಯಿಯಲ್ಲಿ ಧನಿಕರು ಮಾಡಿದ್ದನ್ನು ಮೈಸೂರಿನಲ್ಲಿ ಸರ್ಕಾರವೇ ಮಾಡಿತು. ಒಂದೆಡೆ ಲಾಭದ ನಿರೀಕ್ಷೆಯಿತ್ತು, ಧೈರ್ಯವೂ ಇತ್ತು. ಇನ್ನೊಂದೆಡೆ ಯೋಜನೆಯಿತ್ತು, ಆದರೆ ಪರಮಾಧಿಕಾರವಿರಲಿಲ್ಲ. ಈ ಕೊರತೆಯ ಪರಿಣಾಮವೇನೆಂಬುದನ್ನು ವಿಶ್ವೇಶ್ವರಯ್ಯನವರ ಮೋಟಾರು ಯೋಜನೆ ತೋರಿಸಿಕೊಟ್ಟಿತು.

ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯದಲ್ಲಿ ಯುರೋಪು, ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಗೊಳಿಸಿದರು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದರು ಅದಕ್ಕೆ ಬಂಡವಾಳಗಾರರಾಗಿ ನಿಂತರು. ಮುಂಬಯಿಯ ಕಾಂಗ್ರೆಸ್ ಸರ್ಕಾರ ನೆರವಿನ ಭರವಸೆಯಿತ್ತಿತ್ತು. 1939ರಲ್ಲಿ ಅದು ರಾಜೀನಾಮೆ ಕೊಟ್ಟಿತು. ಬಳಿಕ ಮೈಸೂರು ಸರ್ಕಾರ ಮುಂದೆ ಬಂದಿತಾದರೂ ಬ್ರಿಟಿಷ್ ಭಾರತ ಸರ್ಕಾರದ ವಿರೋಧದಿಂದ ಹಿಂದೆ ಸರಿಯಬೇಕಾಯಿತು. ಬೆಂಗಳೂರಿನಲ್ಲಿ ಆಗಬಹುದಾಗಿದ್ದ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಿಂದ ವಡಾಲಕ್ಕೆ ಸಮೀಪದ ಕುರ್ಲಾದ ಪಾಲಾಯಿತು. ಅದೇ ವಾಲಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದಾಗ ಮಾತ್ರ ಯಾವ ಅಡ್ಡಿಯೂ ಬಾರಲಿಲ್ಲ. ಯುದ್ಧಕ್ಕೆ ವಿಮಾನ ಬೇಕಾಗಿತ್ತು. 1942ರಲ್ಲಿ ಅವರ ಪಾಲನ್ನು ಸರ್ಕಾರವೇ ಕೊಂಡುಕೊಂಡಿತು. ಒಬ್ಬನೇ ಧನಿಕ, ಒಂದೇ ಸಂಸ್ಥಾನ. ಎರಡು ಕಾರ್ಖಾನೆಗಳ ಗತಿ ಬೇರೆಯಾದುದಕ್ಕೆ ಆಳುವವರ ಅಗತ್ಯವೇ ಮುಖ್ಯ ಕಾರಣ.

ಇನ್ನು ದುಡಿಯುವ ಕೈಯ ಮಾತು. ಗಿರಣಿಗಳಲ್ಲಿ ಬಹುಸಂಖ್ಯಾತರು ಕೊಂಕಣದವರು. ಕರಾವಳಿಯಿಂದ ಬಂದ ಕನ್ನಡಿಗರು, ತುಳುವರು, ಕೊಂಕಣಿಗರು ಹೆಚ್ಚಾಗಿ ಹೋಟೆಲು, ಕಚೇರಿ, ಬಂದರುಗಳಲ್ಲಿ ನೆಲೆ ಕಂಡರು. 1942ರಲ್ಲಿ ಎ. ರಾಮ ನಾಯಕರು ನೆರೆಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ ವಲಸೆ ಬಂದವರ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆಯಿತು. ಕಾರ್ಖಾನೆಗಳ ಒಡೆಯರ ಪಟ್ಟಿಯಲ್ಲಿ ಕನ್ನಡನಾಡಿನ ಹೆಸರು ವಿರಳವಾದರೂ ಕಾರ್ಮಿಕರ ಚರಿತ್ರೆಯಲ್ಲಿ ಹಾಗಿಲ್ಲ. ಗೋದಿಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೊ ದಕ್ಷಿಣ ಕನ್ನಡದವರು. ಬಂದರಿನ ಗೋಡೆಯ ಉದ್ದಕ್ಕೂ ಸಾಗುವ ರಸ್ತೆಗೆ ಅವರ ಹೆಸರಿದೆ. ಅವರ ಬಳಿ ಪಳಗಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿದರು. ಆ ಚಾಲಕರಲ್ಲಿ ಅನೇಕರು ಮುಂದೆ ನಡೆಸಿದ್ದು ಕುರ್ಲಾದ ಕಾರ್ಖಾನೆಯ ಪದ್ಮಿನಿ ಕಾರುಗಳನ್ನು. ಆ ಕಾರುಗಳ ಟ್ಯಾಕ್ಸಿಯೋಟ 2023ರಲ್ಲಿ ಕೊನೆಗೊಂಡಿತು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದ ಬಳಿಕ ಗಿರಣಿಗಳ ಯುಗ ಇಳಿಮುಖವಾಯಿತು. ಆಗ ನೂಲಿಗಿಂತ ನೆಲವೇ ಹೆಚ್ಚು ಬೆಲೆಯುಳ್ಳದ್ದಾಯಿತು. 1991ರ ನಿಯಮದಂತೆ ಗಿರಣಿಯ ನೆಲವನ್ನು ಹೊಸದಾಗಿ ಬಳಸುವಾಗ ನಗರದ ಬಯಲಿಗೊಂದು ಪಾಲು, ಬಡವರ ವಸತಿಗೊಂದು ಪಾಲು, ಒಡೆಯನಿಗೊಂದು ಪಾಲು ಸಲ್ಲಬೇಕಾಗಿತ್ತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಗಿರಣಿಯೊಳಗಣ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. ಕಟ್ಟಡ ಕೆಡವಿದ ನೆಲ ಅದರಿಂದ ಹೊರಗುಳಿಯಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸ್ಪ್ರಿಂಗ್ ಮಿಲ್ಲಿನ ನೆಲದಲ್ಲಿ ಈಗ ಗಗನಚುಂಬಿ ಮನೆಗಳಿವೆ.

1870ರಲ್ಲಿ ದಂಡೆಯ ನೆಲ ಖಾಸಗಿಯಿಂದ ಸಾರ್ವಜನಿಕಕ್ಕೆ ಬಂದಿತು. 2001ರಲ್ಲಿ ಗಿರಣಿಯ ನೆಲದಲ್ಲಿ ಸಾರ್ವಜನಿಕರ ಪಾಲು ಕುಗ್ಗಿತು. ಈ ಎರಡು ನಿರ್ಣಯಗಳ ನಡುವೆ ಉದ್ಯಮಪತಿಗಳು ಬಂದರು, ಹೋದರು. ಅವರ ಗುಣದೋಷಗಳ ವಿಮರ್ಶೆ ಇನ್ನೂ ನಡೆಯಬಹುದು. ಆದರೆ ಧಾರವಾಡದ ರೈತ, ಮುಳಶಿಯ ನಿರಾಶ್ರಿತ, ಗೋದಿಯ ಹಮಾಲ, ಇವರ ಪಾಲನ್ನೂ ಕೂಡಿಸದ ಲೆಕ್ಕ ಪೂರ್ಣವಾಗಲಾರದು. ಪೋರ್ಟ್ ಟ್ರಸ್ಟಿನ ನೆಲವಿನ್ನೂ ಉಳಿದಿರುವ ವಡಾಲದ ದಂಡೆಯಲ್ಲಿ ಆ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕಾದ ಸಂದರ್ಭ ಬಾರದಿರದು.