ಪಿಕಪ್ ಎತ್ತರಿಸುವ ಮುನ್ನ: ಟೈರು, ಸ್ಪ್ರಿಂಗು ಮತ್ತು ಕಾನೂನಿನ ಲೆಕ್ಕ

ರಾಮನಗರ: ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಬಿಟ್ಟು ಕೆಲವು ಕಿಲೋಮೀಟರು ಒಳಹೊಕ್ಕರೆ ರಸ್ತೆಯ ಸ್ವರೂಪವೇ ಬದಲಾಗುತ್ತದೆ. ಮಾಗಡಿಯ ಸಾವನದುರ್ಗದ ಸುತ್ತಲಿನ ಬಂಡೆನೆಲ, ಕನಕಪುರದಿಂದ ಸಂಗಮದತ್ತ ಸಾಗುವ ಏರಿಳಿತ, ಚನ್ನಪಟ್ಟಣದ ಕಣ್ವ ಜಲಾಶಯದ ಆಸುಪಾಸಿನ ತೋಟದ ದಾರಿ, ರಾಮನಗರದ ಕೆಂಪುಮಣ್ಣಿನ ಬಂಡಿಜಾಡು ಇವೆಲ್ಲ ವಾಹನದ ತಳವನ್ನು ಪರೀಕ್ಷಿಸುವಂಥವೇ. ಮಾವಿನ ಕ್ರೇಟು, ರೇಷ್ಮೆಗೂಡು, ಗೊಬ್ಬರದ ಚೀಲ ಸಾಗಿಸುವ ಪಿಕಪ್ ಮಾಲೀಕರಿಗೂ, ವಾರಾಂತ್ಯದಲ್ಲಿ ತೋಟಕ್ಕೆ ಬರುವ ನಗರವಾಸಿಗಳಿಗೂ ಎದುರಾಗುವ ಪ್ರಶ್ನೆ ಒಂದೇ: ವಾಹನವನ್ನು ತುಸು ಎತ್ತರಿಸಿ, ದೊಡ್ಡ ಟೈರು ಹಾಕಿಸುವುದು ಒಳ್ಳೆಯದೇ?

ಉತ್ತರ ಸರಳವಾಗಿಲ್ಲ. ಒಂದೆರಡು ಅಂಗುಲದ ಬದಲಾವಣೆ ಕಣ್ಣಿಗೆ ಅಲ್ಪವೆನಿಸಬಹುದು. ಆದರೆ ಬ್ರೇಕು, ತಿರುವಿನ ಸ್ಥಿರತೆ, ವೇಗಮಾಪಕ, ವಿಮೆ ಹಾಗೂ ನೋಂದಣಿ ಪತ್ರ ಎಲ್ಲಕ್ಕೂ ಅದರ ಪರಿಣಾಮ ತಟ್ಟುತ್ತದೆ.

ಎರಡು ಬೇರೆ ಬೇರೆ ಎತ್ತರಗಳು

ಸ್ಪ್ರಿಂಗನ್ನು ಎತ್ತರಿಸುವುದೂ ಟೈರನ್ನು ದೊಡ್ಡದಾಗಿಸುವುದೂ ಒಂದೇ ಫಲ ಕೊಡುತ್ತವೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಇಸುಜು ವಿ-ಕ್ರಾಸ್, ಬಿಡದಿಯಲ್ಲಿ ಕಾರ್ಖಾನೆ ಹೊಂದಿರುವ ಟೊಯೊಟಾದ ಹೈಲಕ್ಸ್ ಮುಂತಾದ ಪಿಕಪ್‌ಗಳಲ್ಲಿ ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇದ್ದು, ಹಿಂದೆ ಗಟ್ಟಿ ಅಚ್ಚು ಹಾಗೂ ಲೀಫ್ ಸ್ಪ್ರಿಂಗುಗಳಿರುತ್ತವೆ. ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಮೇಲೇಳುವುದು ಚೌಕಟ್ಟು ಮತ್ತು ಬಾಡಿ ಮಾತ್ರ. ಹಿಂಬದಿಯ ಅಚ್ಚಿನ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಬಂಡಿಜಾಡಿನ ನಡುವಿನ ದಿಬ್ಬಕ್ಕೆ ಮೊದಲು ಬಡಿಯುವುದು ಅದೇ. ಅದನ್ನು ಮೇಲೆತ್ತಲು ದೊಡ್ಡ ಟೈರೊಂದೇ ದಾರಿ.

ಆದರೆ ಟೈರಿನಿಂದ ಸಿಗುವ ಲಾಭ ವ್ಯಾಸದ ಹೆಚ್ಚಳದ ಅರ್ಧ ಮಾತ್ರ. 245/70 ಆರ್ 16 ಟೈರಿನ ವ್ಯಾಸ ಸುಮಾರು 749 ಮಿ.ಮೀ.; 265/70 ಆರ್ 16ರದ್ದು ಸುಮಾರು 777 ಮಿ.ಮೀ. ವ್ಯತ್ಯಾಸ 28 ಮಿ.ಮೀ. ಆದರೂ ಅಚ್ಚು ಏರುವುದು 14 ಮಿ.ಮೀ. ಮಾತ್ರ. ನಡುವಿನ ಅಳತೆಯಾದ 255/70 ಆರ್ 16 ಹಾಕಿದರೆ ದೊರಕುವುದು 7 ಮಿ.ಮೀ.

ಇಷ್ಟಕ್ಕೆ ತೆರಬೇಕಾದ ಬೆಲೆಯೂ ಇದೆ. ಮೊದಲ ಉದಾಹರಣೆಯಲ್ಲಿ ವ್ಯಾಸ ಶೇ 3.7ರಷ್ಟು ಹೆಚ್ಚುವುದರಿಂದ ಚಕ್ರದ ಪ್ರತಿ ಸುತ್ತಿಗೂ ವಾಹನ ಅಷ್ಟೇ ಹೆಚ್ಚು ದೂರ ಸಾಗುತ್ತದೆ. ಗೇರುಗಳು ಉದ್ದವಾದಂತಾಗಿ ಹೊರೆಹೊತ್ತು ಏರು ಹತ್ತುವಾಗ ಎಂಜಿನ್ ಬಳಲುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿ.ಮೀ. ಮಾಪಕ ಮೊದಲು ನಿಖರವಾಗಿದ್ದರೆ, ಈಗ ಅದು 100 ತೋರಿಸುವಾಗ ನಿಜವೇಗ 103ನ್ನು ದಾಟಿರುತ್ತದೆ. ತಯಾರಕರು ಮಾಪಕ ತುಸು ಹೆಚ್ಚೇ ತೋರಿಸುವಂತೆ ಹೊಂದಿಸಿರುತ್ತಾರಾದರೂ ದೊಡ್ಡ ಟೈರು ಆ ಎಚ್ಚರಿಕೆಯ ಅಂತರವನ್ನು ನುಂಗಿಬಿಡುತ್ತದೆ. ವ್ಯಾಸದ ವ್ಯತ್ಯಾಸ ಶೇ 3ನ್ನು ಮೀರಬಾರದೆಂಬ ರೂಢಿ ಬಳಕೆಯಲ್ಲಿರುವುದು ಇದೇ ಕಾರಣಕ್ಕೆ.

ಹೊರೆ ಹೊರುವ ಅಂಕಿ

ಟೈರಿನ ಪಕ್ಕೆಯಲ್ಲಿ ಅಳತೆಯ ನಂತರ ಬರುವ ಪುಟ್ಟ ಸಂಖ್ಯೆಯನ್ನು ಗಮನಿಸುವವರು ಕಡಿಮೆ. ಅದು ಹೊರೆಯ ಸೂಚ್ಯಂಕ. 107 ಎಂದಿದ್ದರೆ ಒಂದು ಟೈರು 975 ಕಿಲೋ, 112 ಎಂದಿದ್ದರೆ 1,120 ಕಿಲೋ ಹೊರಬಲ್ಲದು. ಅಗಲವಾದ ಟೈರು ಹೆಚ್ಚು ಭಾರ ಹೊರಲೇಬೇಕೆಂಬ ನಿಯಮವಿಲ್ಲ. ಹೊಸ ಟೈರಿನ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆ ಇರಕೂಡದು.

ಟೈರಿನ ಬಗೆಯೂ ಮುಖ್ಯ. ಆಳವಾದ ಗೆರೆಗಳ ಮಡ್ ಟೈರು ಕೆಸರಿನಲ್ಲಿ ಹಿಡಿತ ನೀಡಿದರೂ ಒದ್ದೆ ಡಾಂಬರಿನ ಮೇಲೆ ಬ್ರೇಕಿನ ದೂರವನ್ನು ಹೆಚ್ಚಿಸುತ್ತದೆ, ಸದ್ದೂ ಅಧಿಕ. ವಾರದ ಐದು ದಿನ ಹೆದ್ದಾರಿ, ಎರಡು ದಿನ ತೋಟ ಎಂಬಂತೆ ಬಳಸುವವರಿಗೆ ಆಲ್-ಟೆರೇನ್ ಟೈರು ಸೂಕ್ತ. ಮೂಲ ಅಳತೆಯಲ್ಲೇ ಈ ಬಗೆಯ ಟೈರು ಹಾಕಿಸಿದರೆ ಈ ಭಾಗದ ಮಣ್ಣುದಾರಿಗಳ ಬಹುಪಾಲು ತೊಡಕು ನಿವಾರಣೆಯಾಗುತ್ತದೆ.

ಎಷ್ಟು ಎತ್ತರ, ಯಾವ ವಿಧಾನ?

ಸಾಧಾರಣ ಎತ್ತರಿಕೆ ಎಂದರೆ 25ರಿಂದ 50 ಮಿ.ಮೀ. ಅದನ್ನು ಮೀರಿದರೆ ಮುಂದಿನ ಡ್ರೈವ್ ಶಾಫ್ಟುಗಳ ಕೀಲು ಅತಿ ಕೋನದಲ್ಲಿ ತಿರುಗಬೇಕಾಗಿ ಬೇಗ ಸವೆಯುತ್ತದೆ. ಬ್ರೇಕಿನ ಕೊಳವೆಗಳೂ ಬಿಗಿಯಾಗುತ್ತವೆ.

ಅಗ್ಗದ ದಾರಿ ಸ್ಪೇಸರ್. ಮೂಲ ಸ್ಪ್ರಿಂಗಿನ ಮೇಲೊಂದು ತುಂಡು ಇಡುವ ಈ ವಿಧಾನದಲ್ಲಿ ಎತ್ತರ ಸಿಗುತ್ತದೆ. ಆದರೆ ಚಕ್ರ ಕೆಳಗೆ ಜೋಲುವ ಅವಕಾಶ ಕುಗ್ಗುತ್ತದೆ. ಹಳ್ಳ ಇಳಿಯುವಾಗ ಚಕ್ರ ನೆಲ ಬಿಟ್ಟು ಹಿಡಿತ ತಪ್ಪುವುದು ಇದರ ಫಲ. ಪರಸ್ಪರ ಹೊಂದುವ ಸ್ಪ್ರಿಂಗು ಮತ್ತು ಡ್ಯಾಂಪರುಗಳನ್ನು ಒಟ್ಟಿಗೆ ಬದಲಿಸುವುದು ದುಬಾರಿಯಾದರೂ ಸರಿಯಾದ ಕ್ರಮ. ಯಾವ ವಿಧಾನವಾದರೂ ನಂತರ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು.

ಹಿಂಬದಿಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ಕೆಲವು ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ನಿಯಂತ್ರಿಸುವ ಕವಾಟವಿರುತ್ತದೆ. ಹೊರೆಯಿಂದ ಹಿಂಭಾಗ ಕುಸಿದಷ್ಟೂ ಅದು ಹೆಚ್ಚು ಒತ್ತಡ ಬಿಡುತ್ತದೆ. ಹಿಂಭಾಗವನ್ನು ಎತ್ತರಿಸಿ ಕವಾಟದ ಸರಳನ್ನು ಮರುಹೊಂದಿಸದಿದ್ದರೆ, ಗಾಡಿ ಖಾಲಿ ಇದೆಯೆಂದೇ ಅದು ಭಾವಿಸುತ್ತದೆ. ತುಂಬಿದ ಗಾಡಿಗೆ ಅರೆಬರೆ ಬ್ರೇಕು! ಇಳಿಜಾರಿನಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಖಾಲಿ ಪಿಕಪ್‌ನ ಹಿಂಭಾಗ ಎತ್ತರವಾಗಿರುವುದೂ ದೋಷವಲ್ಲ. ಹೊರೆ ಬಿದ್ದಾಗ ಸಮತಟ್ಟಾಗಲೆಂದೇ ಆ ವಿನ್ಯಾಸ. ಅಂದಕ್ಕಾಗಿ ಮುಂಭಾಗವನ್ನಷ್ಟೇ ಎತ್ತಿ ಸಮ ಮಾಡಿಸಿದರೆ, ಕ್ರೇಟು ತುಂಬಿದೊಡನೆ ಮೂತಿ ಮೇಲಾಗಿ ದೀಪದ ಬೆಳಕು ಎದುರಿನವರ ಕಣ್ಣಿಗೆ ರಾಚುತ್ತದೆ.

ತಿರುವಿನ ಗಣಿತ

ಪಕ್ಕಕ್ಕೆ ಉರುಳದಿರುವ ಶಕ್ತಿಯನ್ನು ಅಳೆಯಲು ಸರಳ ಸೂತ್ರವೊಂದಿದೆ: ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸುವುದು. ಅಂತರ 1,550 ಮಿ.ಮೀ., ಗುರುತ್ವಕೇಂದ್ರ 700 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಫಲ 1.11. ಕೇಂದ್ರ 750 ಮಿ.ಮೀ.ಗೆ ಏರಿದರೆ 1.03. ಅಂದರೆ ಸ್ಥಿರತೆ ಸುಮಾರು ಶೇ 7ರಷ್ಟು ಕುಸಿಯುತ್ತದೆ. ಮೇಲೆ ಎತ್ತರವಾಗಿ ಪೇರಿಸಿದ ಸರಕಿದ್ದರೆ ಅಪಾಯ ಇನ್ನಷ್ಟು ಹೆಚ್ಚು. ಗಟ್ಟಿ ಸ್ಪ್ರಿಂಗು ಹಾಕಿಸಿದ ಮಾತ್ರಕ್ಕೆ ಹೊರೆಯ ಮಿತಿ ಏರುವುದಿಲ್ಲ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವೇ ಅಂತಿಮ.

ಎತ್ತರದ ಗಾಡಿ ಎಂದು ನೀರಿಗಿಳಿಯುವುದೂ ಸಲ್ಲ. 2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಜಲಾವೃತವಾಗಿ ವಾಹನಗಳು ಮುಳುಗಿದ್ದವು. ಎಷ್ಟು ನೀರು ದಾಟಬಹುದೆಂಬುದನ್ನು ಎಂಜಿನ್ ಗಾಳಿ ಎಳೆಯುವ ಬಾಯಿ ಎಲ್ಲಿದೆ ಎಂಬುದೂ ನಿರ್ಧರಿಸುತ್ತದೆ. ಸ್ಪ್ರಿಂಗು ಎತ್ತರಿಸಿದರೂ ಅಚ್ಚುಗಳ ಉಸಿರುಕೊಳವೆ ಮೇಲೇರಿರುವುದಿಲ್ಲ.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ.

ವಿಮೆಯ ಪ್ರಶ್ನೆ ಇದಕ್ಕಿಂತ ಗಂಭೀರ. ತಿಳಿಸದೆ ಮಾಡಿಸಿದ ಮಾರ್ಪಾಡನ್ನೇ ಮುಂದಿಟ್ಟು ವಿಮಾ ಕಂಪನಿ ಅಪಘಾತದ ನಷ್ಟ ಪರಿಹಾರಕ್ಕೆ ತಕರಾರು ಎತ್ತಬಹುದು. ತಯಾರಕರ ವಾರಂಟಿಯೂ ಸಂಬಂಧಿತ ಭಾಗಗಳಿಗೆ ಅನ್ವಯಿಸದೆ ಹೋಗಬಹುದು. ಸಾಲದ ಕಂತು ಕಟ್ಟುತ್ತಿರುವ ರೈತನಿಗೆ ಇದು ದಂಡಕ್ಕಿಂತ ಎಷ್ಟೋ ದೊಡ್ಡ ಹೊಡೆತ.

ಆಯ್ಕೆಯ ಕ್ರಮ

ಆದ್ದರಿಂದ ಖರ್ಚು ಮಾಡುವ ಮುನ್ನ ಹೆಜ್ಜೆಗಳನ್ನು ಕ್ರಮವಾಗಿ ಇಡುವುದು ಲೇಸು. ಮೊದಲು ಕುಸಿದ ಲೀಫ್ ಸ್ಪ್ರಿಂಗು, ಸೋರುವ ಡ್ಯಾಂಪರುಗಳನ್ನು ಬದಲಿಸಿ ಮೂಲ ಎತ್ತರವನ್ನೇ ಮರಳಿ ಪಡೆಯಬೇಕು. ಹಳೆಯ ಗಾಡಿಗಳಲ್ಲಿ ತಳ ಬಡಿಯಲು ಇದೇ ಕಾರಣವಾಗಿರುವುದುಂಟು. ನಂತರ ಮೂಲ ಅಳತೆಯ ಆಲ್-ಟೆರೇನ್ ಟೈರು. ಅದೂ ಸಾಲದಾದರೆ, ಅದೇ ಮಾದರಿಯ ಬೇರೆ ಆವೃತ್ತಿಗೆ ತಯಾರಕರೇ ಒದಗಿಸುವ ಅಳತೆಯ ಟೈರು. ಅದಕ್ಕೂ ಮುಂದೆ ಹೋಗಬೇಕೆನಿಸಿದರೆ, ತಯಾರಕರ ಅಧಿಕೃತ ಪರಿಕರವಿದೆಯೇ ಎಂದು ಮಾರಾಟಗಾರರಲ್ಲಿಯೂ, ಅದಕ್ಕೆ ಅವಕಾಶವಿದೆಯೇ ಎಂದು ಸಾರಿಗೆ ಕಚೇರಿಯಲ್ಲಿಯೂ, ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ಕೇಳಿ ತಿಳಿಯುವುದು ಸುರಕ್ಷಿತ.

ತೋಟದ ದಾರಿಯ ಒಂದು ಕಲ್ಲನ್ನು ತಪ್ಪಿಸಲು ಹೋಗಿ ಹೆದ್ದಾರಿಯ ತಿರುವಿನಲ್ಲಿ ಹಿಡಿತ ಕಳೆದುಕೊಳ್ಳುವುದು ಜಾಣತನವಲ್ಲ. ಆ ಕಲ್ಲನ್ನು ತೆಗೆಸುವುದೇ ಎಷ್ಟೋ ವೇಳೆ ಅಗ್ಗ.